ಪ್ಲೈವುಡ್ಡಿನ ಹಿಂದಿನ ದನಿ

ಟೊಕ್, ಟೊಕ್, ಟೊಕ್. ಟೊಳ್ಳು ಹಲಗೆಯ ಮೇಲೆ ಹೈ ಹೀಲ್ಸ್ ನಡೆಯುವ ಸದ್ದು. ಎಕ್ಸಿಬಿಷನ್ ಸ್ಟಾಲಿನ ನೆಲ ನಿಜವಾದ ನೆಲವಲ್ಲ. ವೈರುಗಳನ್ನು ಮುಚ್ಚುವುದಕ್ಕೆಂದು ಗೇಣೆತ್ತರಕ್ಕೆ ಪ್ಲೈವುಡ್ ಬಡಿದು, ಅದರ ಮೇಲೆ ತೆಳ್ಳನೆಯ ಕೆಂಪು ಕಾರ್ಪೆಟ್ ಅಂಟಿಸಿರುತ್ತಾರೆ. ಗಂಡಸರ ಬೂಟು ನಡೆದರೆ ಸದ್ದು ಧಪ್ ಎಂದು ಅಲ್ಲೇ ಸಾಯುತ್ತದೆ. ಹುಡುಗಿಯರ ಹೀಲ್ಸ್ ಮಾತ್ರ ಖಾಲಿ ಪೆಟ್ಟಿಗೆಯನ್ನು ಯಾರೋ ಬೆರಳಿನಿಂದ ಕುಟ್ಟುತ್ತಿರುವ ಹಾಗೆ ಬೆಳಗಿನಿಂದ ಸಂಜೆಯವರೆಗೆ ಕೇಳಿಸುತ್ತಲೇ ಇರುತ್ತದೆ. ಮದರಾಸು ಚೆನ್ನೈ ಆಗಿ ಇನ್ನೂ ಬಾಯಿಗೆ ರೂಢಿಯಾಗಿರದ ಕಾಲ. ಕಂಪ್ಯೂಟರ್ ಮೇಳ ಎಂದರೆ ಊರಿಗೆ ಊರೇ ಟೈ ಕಟ್ಟಿಕೊಂಡು ಬರುತ್ತಿದ್ದ ಕಾಲ.

ಹೋದ ತಿಂಗಳು ಹಳೇ ಆಫೀಸಿನ ಅಕೌಂಟ್ಸ್‌ನವರೊಬ್ಬರು ಫೋನ್ ಮಾಡಿದರು. "ನಿಮ್ಮ ಕನ್ನಡ ಫ್ರೆಂಡ್ ಹೋಗಿಬಿಟ್ಟರಂತೆ ಮೇಡಂ. ಕೊಯಮತ್ತೂರಿನಲ್ಲಿ, ತಂಗಿಯ ಮನೆಯಲ್ಲಿ" ಎಂದರು. ಫೋನ್ ಇಟ್ಟ ಮೇಲೆ ನನಗೆ ಮೊದಲು ಕೇಳಿಸಿದ್ದು ಆ ಹೀಲ್ಸ್ ಸದ್ದು. ವಿಚಿತ್ರ. ಅವಳು ಒಂದು ದಿನವೂ ಹೀಲ್ಸ್ ಹಾಕಿದವಳಲ್ಲ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲೆಲ್ಲಿ ಆ ಹೆಸರು ಇರಬೇಕಿತ್ತೋ ಅಲ್ಲೆಲ್ಲೂ ಇರಲಿಲ್ಲ. ಈಗ ನಾನೊಬ್ಬಳು ಬರೆದು ಯಾರಿಗೆ ಉಪಕಾರ?

ನುಂಗಂಬಾಕ್ಕಂನ ಒಂದು ಹಳೇ ಬಂಗಲೆಯಲ್ಲಿ ನಮ್ಮ ಕಂಪನಿ ಇತ್ತು. ಅಂಗಡಿಗಳಿಗೆ ಬೇಕಾದ ಯಂತ್ರಗಳನ್ನು ಮಾಡಿ ಮಾರುತ್ತಿದ್ದರು. ನಾನು ಎಂ.ಡಿ.ಯವರ ಪಿ.ಎ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಮೈಲಾಪೂರಿಗೆ ಬಂದು, ಶಾರ್ಟ್‌ಹ್ಯಾಂಡಿನಿಂದ ಹೊಟ್ಟೆ ಹೊರೆದವಳು. ಅವಳು ಡಿಸೈನ್ ಸೆಕ್ಷನ್‌ನಲ್ಲಿದ್ದ ಒಬ್ಬಳೇ ಲೇಡಿ ಇಂಜಿನಿಯರ್, ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ಅವಳ ತಂದೆ ರೈಲ್ವೆಯಲ್ಲಿದ್ದವರು, ಗದಗಿನ ಕಡೆಯವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಪೆರಂಬೂರಿನ ಕ್ವಾರ್ಟರ್ಸ್‌ನಲ್ಲಿ. ಹಾಗಾಗಿ ಮನೆಯಲ್ಲಿ ಗದಗಿನ ಕನ್ನಡ, ಬೀದಿಯಲ್ಲಿ ಪೆರಂಬೂರಿನ ತಮಿಳು, ಆಫೀಸಿನಲ್ಲಿ ಅಳೆದು ತೂಗಿದ ಇಂಗ್ಲಿಷ್. ಮೂರನ್ನೂ ಒಂದಕ್ಕೊಂದು ತಾಗದ ಹಾಗೆ ಇಟ್ಟುಕೊಂಡಿದ್ದಳು, ಅಡುಗೆಮನೆಯ ಡಬ್ಬಿಗಳ ಹಾಗೆ.

ಮೊದಲ ಸಲ ನೋಡಿದಾಗ ಅವಳು ಒಂದು ಸರ್ಕ್ಯೂಟ್ ಬೋರ್ಡನ್ನು ಮೂಗಿಗೆ ಹಿಡಿದುಕೊಂಡು ನಿಂತಿದ್ದಳು. ಗಂಜಿ ಹಾಕಿದ ಕಾಟನ್ ಸೀರೆ, ಸೊಂಟದಲ್ಲಿ ಬೀಗದ ಕೈ ಗೊಂಚಲು ಇರಬೇಕಾದಲ್ಲಿ ಒಂದು ಟೆಸ್ಟರ್. "ಏನು ಮೂಸ್ತಿದೀಯಾ?" ಎಂದೆ, ಕನ್ನಡದವಳೆಂದು ಯಾರೋ ಹೇಳಿದ್ದರಿಂದ.

"ಸುಟ್ಟ ವಾಸನಿ ಬರ್ತದ್ರೀ ಅಕ್ಕಾರ. ಎಲ್ಲಿಂದ ಅಂತ ನೋಡಾಕತ್ತೀನಿ." ಆಮೇಲೆ ತಲೆಯೆತ್ತಿ ನೋಡಿ ನಕ್ಕಳು. "ನಿಮ್ಮ ಕನ್ನಡ ಕೇಳಿದ್ರ ರೇಡಿಯೋ ಹಚ್ಚಿದಂಗ ಆಗ್ತದ ನೋಡ್ರಿ."

"ನಿನ್ನ ಕನ್ನಡ ಕೇಳಿದ್ರೆ ಯಾರೋ ಜಗಳಕ್ಕೆ ಬಂದ್ರು ಅನ್ಸುತ್ತೆ ಕಣೇ."

ಅಂದಿನಿಂದ ಮಧ್ಯಾಹ್ನದ ಊಟ ಒಟ್ಟಿಗೆ. ಅವಳ ಡಬ್ಬಿಯ ಶೇಂಗಾ ಚಟ್ನಿಪುಡಿ, ನನ್ನ ಡಬ್ಬಿಯ ಮೊಸರನ್ನ. ಅವಳು ಕೆಲಸದ ವಿಷಯ ಮಾತಾಡಿದರೆ ನನಗೂ ಅರ್ಥವಾಗುತ್ತಿತ್ತು. ಒಂದು ದಿನ ನನ್ನ ಟೇಬಲ್ ಲ್ಯಾಂಪ್ ಕೆಟ್ಟಿತ್ತು. "ಎಲ್ಲಿ ಕೆಟ್ಟದ ಅಂತ ಹುಡುಕಬ್ಯಾಡ್ರಿ. ಕರೆಂಟ್ ಎಲ್ಲಿತನಾ ಬಂದದ ಅಂತ ನೋಡ್ಕೋತ ಹೋಗ್ರಿ. ಎಲ್ಲಿ ನಿಲ್ತದ, ಅದರ ಮುಂದಿಂದು ಕೆಟ್ಟಿರ್ತದ" ಎಂದಳು. ನಾನು ಆ ದಿನವೇ ಸ್ವಿಚ್ಚಿನೊಳಗೆ ಬಿಟ್ಟುಹೋದ ತಂತಿಯನ್ನು ಹುಡುಕಿ, ಐ ಮಸ್ಟ್ ಸೇ, ಸ್ವಲ್ಪ ಜಂಬಪಟ್ಟೆ.

ಅವಳ ಕನಸು ಒಂದು ಬಿಲ್ಲಿಂಗ್ ಮೆಷಿನ್. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಕರೆಂಟ್ ಹೋದರೂ ನಡೆಯಬೇಕು, ಬಿಲ್ ತಮಿಳಿನಲ್ಲಿ ಬರಬೇಕು, ಇಂಗ್ಲಿಷ್ ಬಾರದ ಅಂಗಡಿಯವರೂ ಬಳಸಬೇಕು. ಅದನ್ನು ಪರೀಕ್ಷೆ ಮಾಡುವುದಕ್ಕೆ ಏರ್‌ಕಂಡೀಷನ್ ಅಂಗಡಿಗೆ ಹೋಗಲಿಲ್ಲ. ಬೆಳಗಿನ ಮೀನು ಹರಾಜಿನ ಹೊತ್ತಿಗೆ ಕಾಸಿಮೇಡಿನ ಬಂದರಿಗೆ ಹೋದಳು. ಸಸ್ಯಾಹಾರಿ ಮನೆಯವಳು, ಮೂಗು ಮುಚ್ಚಿಕೊಳ್ಳದೆ ಮೀನುಬುಟ್ಟಿಗಳ ನಡುವೆ ಕೂತು, ಒದ್ದೆ ಕೈಯ ಹೆಂಗಸರಿಗೆ ಕೀಗಳನ್ನು ಒತ್ತಿ ನೋಡಲು ಕೊಟ್ಟಳಂತೆ. ಸ್ವಲ್ಪ ಹೊತ್ತಿಗೆ ನೀರು ಒಳಗಿಳಿದು ಮೆಷಿನ್ ನಿಂತುಹೋಯಿತು. ಒಬ್ಬಾಕೆ ಬುಟ್ಟಿಯಿಂದ ಏಡಿಯೊಂದನ್ನು ಎತ್ತಿ ತೋರಿಸಿ, "ನೋಡಮ್ಮಾ, ನನ್ನ ಏಡಿ ಇನ್ನೂ ಕಾಲಾಡಿಸ್ತಾ ಇದೆ, ನಿನ್ನ ಪೆಟ್ಟಿ ಸತ್ತೋಯ್ತು" ಎಂದಳಂತೆ. ಇದನ್ನು ಹೇಳಿಕೊಂಡು ಅವಳು ಊಟ ಬಿಟ್ಟು ನಕ್ಕಿದ್ದಳು. ಮುಂದಿನ ಮೆಷಿನ್ನಿನ ಕೀಗಳ ಮೇಲೆ ಒಂದೇ ಹಾಳೆಯ ರಬ್ಬರ್ ಹೊದಿಕೆ ಬಂತು. ಅದರ ಮೇಲೆ ಲೋಟದಿಂದ ನೀರು ಸುರಿದು ಎಂ.ಡಿ.ಗೆ ತೋರಿಸಿದಳು. ಎಂ.ಡಿ. ಚಪ್ಪಾಳೆ ತಟ್ಟಿದರು. ಆಫೀಸಿಗೆಲ್ಲ ಮೈಸೂರ್‌ಪಾಕ್ ಹಂಚಿದರು.

ಆ ಮೆಷಿನ್ನನ್ನು ಜನರ ಮುಂದೆ ತಾನೇ ನಿಂತು ತೋರಿಸಬೇಕು ಎನ್ನುವುದು ಅವಳ ಆಸೆ. ದೊಡ್ಡ ಆಸೆಯೇನಲ್ಲ. ಅಡುಗೆ ಮಾಡಿದವಳಿಗೆ ಬಡಿಸುವ ಆಸೆ ಇರುವುದಿಲ್ಲವೇ, ಅಷ್ಟೇ.

ಅದಕ್ಕೆ ಹಿಂದಿನ ವರ್ಷಗಳಲ್ಲಿ ಅವಳು ಸ್ಟಾಲಿನಲ್ಲಿ ನಿಂತದ್ದುಂಟು. ಬಂದವರು ಅವಳನ್ನು ದಾಟಿ ಒಳಗೆ ಕತ್ತು ಹಾಕಿ "ಇಂಜಿನಿಯರ್ ಇಲ್ವಾ?" ಎನ್ನುತ್ತಿದ್ದರು. ಅವಳು ಗಂಭೀರವಾಗಿ "ಊಟಕ್ಕೆ ಹೋಗಿದಾರೆ ಸಾರ್" ಎನ್ನುತ್ತಿದ್ದಳು. ಒಂದು ಕ್ಷಣ ಬಿಟ್ಟು, "ಬಂದ್ರು. ಹೇಳಿ ಸಾರ್, ಏನು ಬೇಕು?" ಎನ್ನುತ್ತಿದ್ದಳು. ಕೆಲವರಿಗೆ ನಗು, ಹೆಚ್ಚಿನವರಿಗೆ ಮುಜುಗರ. ಮುಜುಗರಪಟ್ಟವರು ಆರ್ಡರ್ ಕೊಡುವುದಿಲ್ಲ ಎಂದು ಮಾರ್ಕೆಟಿಂಗ್ ಮ್ಯಾನೇಜರ್ ಕಂಡುಹಿಡಿದ.

ಈ ಮ್ಯಾನೇಜರ್ ಸೋಪಿನ ಕಂಪನಿಯಿಂದ ಬಂದವನು. ಎಲ್ಲರಿಗೂ "ಮೈ ಡಿಯರ್", ನನ್ನಂಥ ಮುದುಕಿಗೂ. ಅವನು ಬಂದ ಮೇಲೆ ನಮ್ಮ ಸ್ಟಾಲಿಗೂ ಮಾಡೆಲ್ ಏಜೆನ್ಸಿಯ ಹುಡುಗಿಯರು ಬಂದರು. ಫ್ರಾಂಕ್ಲಿ, ನಮ್ಮದೇ ತಡ. ಪಕ್ಕದ ಸ್ಟಾಲಿನಲ್ಲಿ ಯು.ಪಿ.ಎಸ್. ಮಾರುವವರು ಒಬ್ಬಳಿಗೆ ನರ್ಸ್ ವೇಷ ಹಾಕಿ, ಸ್ಕರ್ಟನ್ನು ಯಾವ ಆಸ್ಪತ್ರೆಯಲ್ಲೂ ಕಾಣದಷ್ಟು ಗಿಡ್ಡ ಮಾಡಿ, "ನಿಮ್ಮ ಕಂಪ್ಯೂಟರಿನ ಪ್ರಾಣ ಇವಳ ಕೈಯಲ್ಲಿ" ಎಂದು ಬೋರ್ಡ್ ಹಾಕಿದ್ದರು. ಎದುರಿನವರು ಪ್ರಿಂಟರ್ ಪಕ್ಕದಲ್ಲಿ ಬೆನ್ನಿಗೆ ರೆಕ್ಕೆ ಕಟ್ಟಿದ ಹುಡುಗಿಯನ್ನು ನಿಲ್ಲಿಸಿದ್ದರು. ಗಾಜಿನ ಬಟ್ಟಲಿಗೆ ವಿಸಿಟಿಂಗ್ ಕಾರ್ಡ್ ಹಾಕಿದರೆ ಹುಡುಗಿಯ ಜೊತೆ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಕ್ಯಾಮೆರಾದಿಂದ ಅಲ್ಲೇ ಚಿತ್ರ ಹೊರಬರುತ್ತಿತ್ತು. ಬ್ಯಾಂಕಿನ ಆಫೀಸರುಗಳು, ಕಾಲೇಜಿನ ಪ್ರೊಫೆಸರುಗಳು ಅದನ್ನು ಗಾಳಿಗೆ ಬೀಸಿ ಒಣಗಿಸಿಕೊಳ್ಳುತ್ತಾ ಹೋಗುತ್ತಿದ್ದರು. ಬಟ್ಟಲು ತುಂಬಿದರೆ ಆ ಸ್ಟಾಲ್ ಗೆದ್ದ ಹಾಗೆ. ಯಾವ ಪ್ರಿಂಟರ್ ನೋಡಿದೆ ಎಂದು ಕೇಳಿದರೆ ಒಬ್ಬನಿಗೂ ಗೊತ್ತಿರುತ್ತಿರಲಿಲ್ಲ.

ನಮ್ಮ ಸ್ಟಾಲಿನ ಹುಡುಗಿಯರಿಗೆ "ಗುಡ್ ಮಾರ್ನಿಂಗ್ ಸರ್, ವೆಲ್‌ಕಮ್ ಸರ್" ಹೇಳಿಕೊಡುವುದು, ನಿಲ್ಲುವುದು, ತಿರುಗುವುದು ಕಲಿಸುವುದು ನನ್ನ ಪಾಲಿಗೆ ಬಂತು, ನನ್ನ ಕಾನ್ವೆಂಟ್ ಇಂಗ್ಲಿಷಿನಿಂದಾಗಿ. ನಮ್ಮ ಸಿಸ್ಟರ್ ತಲೆಯ ಮೇಲೆ ಪುಸ್ತಕ ಇಡಿಸಿ ವರಾಂಡದಲ್ಲಿ ನಡೆಸುತ್ತಿದ್ದರು. ಡಿಪೋರ್ಟ್‌ಮೆಂಟ್ ಎನ್ನುತ್ತಿದ್ದರು. ದೇವರ ಮುಂದೆಯೂ ಮನುಷ್ಯರ ಮುಂದೆಯೂ ನೆಟ್ಟಗೆ ನಿಲ್ಲಲು ಕಲಿಸಿದ ವಿದ್ಯೆ ಅದು. ಕೊನೆಗೆ ಅದು ಕೆಲಸಕ್ಕೆ ಬಂದದ್ದು ಎಲ್ಲಿ ನೋಡಿ.

ಅವಳ ಬಿಲ್ಲಿಂಗ್ ಮೆಷಿನ್ ಮೇಳಕ್ಕೆ ಹೋಗಬೇಕಾದ ವರ್ಷ ಎಂ.ಡಿ. ರೂಮಿನಲ್ಲಿ ಮೀಟಿಂಗ್. ನಾನು ಶಾರ್ಟ್‌ಹ್ಯಾಂಡ್ ಪ್ಯಾಡ್ ಹಿಡಿದು ಕೂತಿದ್ದೆ. ಮಾತೆಲ್ಲ ತಮಿಳು, ಇಂಗ್ಲಿಷ್. ಮ್ಯಾನೇಜರ್ ಒಂದು ಬ್ಯಾನರ್ ಬಿಚ್ಚಿದ. ಅದರಲ್ಲಿ ಒಬ್ಬ ಹುಡುಗಿ ಮೆಷಿನ್ನಿನ ಮೇಲೆ ಒರಗಿದ್ದಳು. ಕೆಳಗೆ ತಮಿಳಿನಲ್ಲಿ "ತೊಟ್ಟಾ ಪೋದುಂ", ಮುಟ್ಟಿದರೆ ಸಾಕು. ಚಿತ್ರದಲ್ಲಿ ಮೆಷಿನ್ನಿನ ಕೀಗಳು ಕಾಣುತ್ತಲೇ ಇರಲಿಲ್ಲ, ಅವುಗಳ ಮೇಲೆ ಅವಳ ಕೂದಲು ಹರಡಿತ್ತು.

"ಡೆಮೋ ಯಾರು ಕೊಡೋದು?" ಎಂದು ಕೇಳಿದಳು ನಮ್ಮವಳು.

"ಇವಳೇ. ರಿತು ಅಂತ. ನಾರ್ತ್‌ನವಳು, ಸಿನಿಮಾ ಚಾನ್ಸ್‌ಗೆ ಅಂತ ಬಂದು ಕೂತಿದಾಳೆ."

"ತಮಿಳು ಬರುತ್ತಾ?"

"ಮೈ ಡಿಯರ್ ಮೇಡಂ, ನಮ್ಮೂರಲ್ಲಿ ಯಾವ ಹೀರೋಯಿನ್‌ಗೆ ತಮಿಳು ಬರುತ್ತೆ? ಮುಖ ಬಾಂಬೆಯಿಂದ, ದನಿ ಕೋಡಂಬಾಕ್ಕಂನಿಂದ. ಜನ ವಿಸಿಲ್ ಹೊಡೀತಾರಾ ಇಲ್ವಾ?" ಎಂದವನೇ ಎಂ.ಡಿ.ಯ ಕಡೆ ತಿರುಗಿದ. "ಡಬ್ಬಿಂಗ್ ಮಾಡಿಸೋಣ ಸಾರ್. ಮೇಡಂ ದನಿ ಫಸ್ಟ್ ಕ್ಲಾಸ್. ಹಿಂದೆ ಕೂತು ಮೈಕಿನಲ್ಲಿ ಮಾತಾಡಲಿ. ರಿತು ಬಾಯಿ ಆಡಿಸ್ತಾಳೆ."

ನಾನು ತಮಾಷೆ ಎಂದುಕೊಂಡೆ. ಎಂ.ಡಿ. ತಲೆಯಾಡಿಸುತ್ತಿದ್ದರು. ಈ ಊರಿನಲ್ಲಿ ಮಾತ್ರ ಹುಟ್ಟಬಹುದಾದ ಐಡಿಯಾ ಅದು. ಕೋಡಂಬಾಕ್ಕಂನ ಸಿನಿಮಾ ಸ್ಟುಡಿಯೋಗಳಲ್ಲಿ ದಿನಾ ನಡೆಯುವ ಕಸುಬು, ಯಾರಿಗೂ ತಪ್ಪೆನಿಸಲಿಲ್ಲ.

"ಸಾರ್, ಅದು ನನ್ನ ಮೆಷಿನ್. ನಾನೇ ನಿಂತು ಹೇಳ್ತೀನಿ" ಎಂದಳು.

"ಕಂಪನಿಯ ಮೆಷಿನ್ನಮ್ಮಾ ಅದು" ಎಂದರು ಎಂ.ಡಿ. ಅವಳ ಮುಖ ನೋಡಿ ದನಿ ಇಳಿಸಿದರು. "ಈ ವರ್ಷ ಹಿಂದೆ ಇರು. ಆರ್ಡರ್ ಬರಲಿ. ಬರೋ ವರ್ಷ ದೊಡ್ಡ ಮೆಷಿನ್ ಬಿಡುಗಡೆ ಇದೆಯಲ್ಲ, ಅದಕ್ಕೆ ಸ್ಟೇಜ್ ಮೇಲೆ ನೀನೇ. ನಿನ್ನ ಹೆಸರು ಕರೆದು ಮೈಕ್ ಕೊಡ್ತೀನಿ. ಪ್ರಾಮಿಸ್."

ಆ ಮಧ್ಯಾಹ್ನ ಅವಳು ಡಬ್ಬಿ ತೆರೆಯಲೇ ಇಲ್ಲ. "ಬ್ಯಾಡಂದ್ರ ಬ್ಯಾರೆ ಯಾರನರ ಕೂಡಿಸಿ ಬಾಯಿಗೆ ಬಂದಿದ್ದು ಹೇಳಸ್ತಾರ್ರೀ. ಮೆಷಿನ್ ಮಾಡ್ಲಾರದ್ದೆಲ್ಲ ಮಾಡ್ತದ ಅಂತಾರ. ನನ್ನ ಮೆಷಿನ್ ಸುಳ್ಳ ಹೇಳಬಾರದು" ಎಂದಳು. ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿ, "ಮಾತು ಕೊಟ್ಟಾರಲ್ಲ ಅಕ್ಕಾರ. ಒಂದ ವರ್ಷ. ನುಂಗ್ತೀನಿ" ಎಂದಳು.

ಸ್ಟಾಲಿನ ಹಿಂಬದಿಯ ಪ್ಲೈವುಡ್ ಗೋಡೆಗೂ ಹಾಲ್‌ನ ಗೋಡೆಗೂ ನಡುವೆ ಎರಡು ಮೊಳ ಜಾಗ. ರಟ್ಟಿನ ಪೆಟ್ಟಿಗೆಗಳು, ಬಿಸಿಯಾದ ವೈರುಗಳು, ಒಂದು ಪ್ಲಾಸ್ಟಿಕ್ ಸ್ಟೂಲು, ಒಂದು ಮೈಕು. ಏ.ಸಿ. ಮುಂದಿನವರಿಗೆ ಮಾತ್ರ. ಬಡಗಿ ಅವಳ ಕಣ್ಣಿನ ಎತ್ತರಕ್ಕೆ ಒಂದು ಪುಟ್ಟ ಕಿಂಡಿ ಕೊರೆದುಕೊಟ್ಟಿದ್ದ. ರಿತುವಿನ ಕಾಲರಿಗೆ ಎಲ್ಲಿಗೂ ಸಿಕ್ಕಿಸದ ಒಂದು ಸುಳ್ಳು ಮೈಕು. ನಾನು ಪಕ್ಕದಲ್ಲಿ ರಿಸೆಪ್ಷನ್ ಮೇಜಿನ ಹಿಂದೆ.

ರಿತು ಚುರುಕು. ಒಂದಕ್ಷರವೂ ಅರ್ಥವಾಗದಿದ್ದರೂ ಉಸಿರಿನ ಲೆಕ್ಕ ಹಿಡಿದು ತುಟಿಯಾಡಿಸುತ್ತಿದ್ದಳು. ತಪ್ಪುವ ಕಡೆ ಮುಖ ತಿರುಗಿಸಿ ಮೆಷಿನ್ ತೋರಿಸುತ್ತಿದ್ದಳು. ಬಂದವರಲ್ಲಿ ಕೆಲವರಿಗೆ ಗೊತ್ತಾಗುತ್ತಲೇ ಇತ್ತು, ಆದರೆ ಬೇಕಾಗಿರಲಿಲ್ಲ. ಅವರ ಪ್ರಶ್ನೆಗಳೂ ಮೆಷಿನ್ನಿನವಲ್ಲ.

"ಇಲ್ಲಿ ಎಷ್ಟು ಹೊತ್ತು ಇರ್ತೀರಿ?" ಎಂದು ಒಬ್ಬ ಕಣ್ಣು ಕಿರಿದಾಗಿಸಿದ.

"ಕರೆಂಟ್ ಇಲ್ಲದೆ ನಾಲ್ಕು ಗಂಟೆ ಸಾರ್. ಆಮೇಲೆ ಚಾರ್ಜ್ ಮಾಡಬೇಕು" ಎಂದಿತು ದನಿ.

"ಒಬ್ಬರೇ ಬಂದಿದೀರಾ?"

"ಪ್ರಿಂಟರ್ ಒಳಗೇ ಇದೆ ಸಾರ್. ಬೇರೆ ತರಬೇಕಾಗಿಲ್ಲ."

ನಾನು ಮೇಜಿನ ಕೆಳಗೆ ಬಗ್ಗಿ ನಕ್ಕಿದ್ದೇನೆ. ಆ ನಗುವಿನಲ್ಲಿ ಏನೋ ಹುಳಿ ಇತ್ತು ಎಂದು ಗೊತ್ತಾದದ್ದು ಆಮೇಲೆ. ಅಷ್ಟು ಸರಿಯಾದ ಉತ್ತರಗಳು, ಅಷ್ಟು ಸ್ವಚ್ಛವಾದ ತಮಿಳು. ಕೇಳಿಸಿಕೊಳ್ಳುವವನು ಮಾತ್ರ ಒಬ್ಬನೂ ಇಲ್ಲ.

ಬಿಡುವಾದಾಗ ರಿತು ಹಿಂದೆ ಬಂದು ಹೀಲ್ಸ್ ಕಳಚಿ ಪೆಟ್ಟಿಗೆಯ ಮೇಲೆ ಕಾಲು ಚಾಚುತ್ತಿದ್ದಳು. ಇಪ್ಪತ್ತೂ ತುಂಬಿರದ ಕೂಸು, ಹಿಮ್ಮಡಿ ಎರಡೂ ಒಡೆದು ರಕ್ತ. ನಮ್ಮವಳು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ತಾನು ನಿಂತುಕೊಳ್ಳುತ್ತಿದ್ದಳು. ಕೀಗಳಿಗೆಂದು ತಂದಿದ್ದ ರಬ್ಬರ್ ಹಾಳೆಯಿಂದ ಎರಡು ತುಂಡು ಕತ್ತರಿಸಿ ಅವಳ ಹೀಲ್ಸಿನೊಳಗೆ ಮೆತ್ತೆ ಮಾಡಿಕೊಟ್ಟಳು. ರಿತು ತನ್ನ ಕಸುಬಿನ ಗುಟ್ಟು ಹೇಳಿಕೊಟ್ಟಳು. ಫೋಟೋಗೆ ನಿಲ್ಲುವಾಗ ಬ್ರೋಷರ್ ಕಟ್ಟನ್ನು ಹೊಟ್ಟೆಯ ಹತ್ತಿರ ಹಿಡಿದು ಮೊಣಕೈಯನ್ನು ಚೂಪಾಗಿ ಹೊರಗೆ ಚಾಚಬೇಕು, ಪಕ್ಕದವನ ಕೈ ತಾನಾಗಿ ಕೆಳಗೆ ಜಾರುತ್ತದೆ. ಆದರೂ ಬಂದರೆ ಬ್ರೋಷರ್ ಬೀಳಿಸಿ ಬಗ್ಗಬೇಕು. ಇಬ್ಬರೂ ಮುರುಕು ಹಿಂದಿಯಲ್ಲಿ, ಮುರುಕು ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದರು. ರಿತುವಿಗೆ ನಮ್ಮವಳು ಆಂಟಿ.

ಕೊನೆಯ ದಿನ ಎಂ.ಡಿ. ತಾವೇ ಒಬ್ಬ ದೊಡ್ಡ ಡೀಲರನ್ನು ಕರೆತಂದರು. ದಕ್ಷಿಣದ ಜಿಲ್ಲೆಗಳಿಗೆಲ್ಲ ಅವನೇ. ಬಿಳಿ ಶರ್ಟು, ಬೆರಳು ತುಂಬ ಉಂಗುರ. ಅವನು ಮೆಷಿನ್ನಿನ ಒಂದು ಕೀಯನ್ನೂ ಮುಟ್ಟಲಿಲ್ಲ. ಫೋಟೋ ಎಂದ. ರಿತುವಿನ ಪಕ್ಕ ನಿಂತು ಸೊಂಟಕ್ಕೆ ಕೈ ಹಾಕಿದ. ಅವಳ ಮೊಣಕೈ ಹೊರಬಂತು. ಕೈ ಜಾರಿತು, ಮತ್ತೆ ಬಂತು, ಈ ಸಲ ಇನ್ನೂ ಕೆಳಗೆ. ಅವಳು ಬ್ರೋಷರ್ ಬೀಳಿಸಿ ಬಗ್ಗಿದಳು. ಕೈ ಅವಳ ಜೊತೆಗೇ ಬಗ್ಗಿತು. ಎಂ.ಡಿ. ಕ್ಯಾಮೆರಾ ನೋಡಿ ನಗುತ್ತಿದ್ದರು. ಸ್ಪೀಕರಿನಲ್ಲಿ ಡೆಮೋ ನಡೆಯುತ್ತಲೇ ಇತ್ತು. ಈ ಕೀ ಒತ್ತಿದರೆ ಮೊತ್ತ, ಈ ಕೀ ಒತ್ತಿದರೆ ಬಿಲ್. ಅದೇ ಸಿಹಿ ದನಿ, ಒಂದಿಷ್ಟೂ ಏರದೆ, ಮುಂದಿನ ವಾಕ್ಯವೇನೋ ಎಂಬಂತೆ ಹೇಳಿತು:

"ಸಾರ್, ಕೈಯ ಎಡುಂಗ. ಅದು ಮೆಷಿನ್ ಇಲ್ಲೆ."

ಕೈ ತೆಗೀರಿ ಸಾರ್, ಅದು ಮೆಷಿನ್ ಅಲ್ಲ.

ಎಂಟು ಸ್ಪೀಕರುಗಳು. ಹಾಲ್‌ನ ಅರ್ಧಕ್ಕೆ ಕೇಳಿಸಿತು. ಪಕ್ಕದ ನರ್ಸ್ ಹುಡುಗಿ ತಿರುಗಿ ನೋಡಿದಳು. ಯಾರೋ ಪಕ್ಕೆಂದು ನಕ್ಕರು, ಆಮೇಲೆ ತುಂಬ ಜನ ನಕ್ಕರು. ಎಲ್ಲರ ಕಣ್ಣೂ ರಿತುವಿನ ಮೇಲೆ. ರಿತು ಬಗ್ಗಿದವಳು ಹಾಗೇ ನಿಂತಿದ್ದಳು, ಬಾಯಿ ಮುಚ್ಚಿಕೊಂಡು, ಏನು ಹೇಳಿದೆನೆಂದು ತನಗೇ ತಿಳಿಯದೆ.

"ಎಷ್ಟು ಪೊಗರು ಇವಳಿಗೆ!" ಎಂದ ಡೀಲರ್.

"ಅವಳಲ್ಲ ಸಾರ್, ಅವಳಲ್ಲ" ಎನ್ನುತ್ತಾ ಎಂ.ಡಿ. ಓಡಿಹೋಗಿ ಪ್ಲೈವುಡ್ ಗೋಡೆಯ ಸಂದಿಗೆ ಬಿಟ್ಟಿದ್ದ ಪರದೆ ಎಳೆದರು. "ಹೊರಗೆ ಬಾ. ಸಾರ್‌ಗೆ ಸಾರಿ ಹೇಳು."

ಆ ಮೇಳದಲ್ಲಿ ಅವಳು ಜನರ ಮುಂದೆ ಬಂದದ್ದು ಅದೇ ಮೊದಲು. ಸೀರೆ ಬೆವರಿಗೆ ಅಂಟಿಕೊಂಡಿತ್ತು, ಕೂದಲಿನಲ್ಲಿ ಮರದ ಹುಡಿ. ಡೀಲರ್ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಅವನ ಸಿಟ್ಟು ಇಳಿದೇಹೋಯಿತು. "ಅಯ್ಯಯ್ಯೋ! ಇಷ್ಟು ಹೊತ್ತು ನಾನು ಈ ಅಮ್ಮನ ದನಿಗಾ ಮರುಳಾಗಿದ್ದು!" ಎಂದು ತೊಡೆ ತಟ್ಟಿಕೊಂಡು ನಕ್ಕ. ಬದುಕಿದೆ ಎಂಬಂತೆ ಎಂ.ಡಿ.ಯೂ ನಕ್ಕರು. ಮ್ಯಾನೇಜರ್ ನಕ್ಕ. ಸುತ್ತ ನಿಂತವರೆಲ್ಲ ನಕ್ಕರು.

ನಗು ಮುಗಿಯುವವರೆಗೆ ಅವಳು ಕಾದಳು. "ಮೆಷಿನ್ ಬಗ್ಗೆ ಏನಾದರೂ ಕೇಳೋದಿದ್ದರೆ ಕೇಳಿ ಸಾರ್" ಎಂದಳು.

ಅವನಿಗೆ ಕೇಳುವುದೇನೂ ಇರಲಿಲ್ಲ. ಅವಳು ಸಾರಿ ಹೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತಿತ್ತು. ಹೆಂಗಸರ ಸಮಾಜದಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ, ನಾನೇ ಒಂದೆರಡು ಕಡೆ ಇಲ್ಲಿಗೆ ನಿಲ್ಲಿಸಿ ಹೇಳಿದ್ದೇನೆ. ಆದರೆ ಅದೇ ಸಂಜೆ ಟಾಯ್ಲೆಟ್ಟಿನ ಹೊರಗೆ ರಿತು ನಮ್ಮವಳನ್ನು ಹಿಡಿದು ನಿಲ್ಲಿಸಿದಳು. ಮೇಕಪ್ ಎಲ್ಲ ಕಣ್ಣಿನಿಂದ ಇಳಿದಿತ್ತು.

"ಆಂಟಿ, ಹೂ ಆಸ್ಕ್‌ಡ್ ಯೂ? ಮೈ ಸಂಭಾಲ್ ರಹೀ ಥೀ. ನಾನು ನಿಭಾಯಿಸ್ತಿದ್ದೆ. ದಿನಾ ನಿಭಾಯಿಸ್ತೀನಿ!" ಮುಂದಿನದೆಲ್ಲ ಹಿಂದಿಯಲ್ಲಿ ಬಂತು. ಏಜೆನ್ಸಿಯವರು ಆಗಲೇ ಅವಳಿಗೆ ಹೇಳಿಯಾಗಿತ್ತಂತೆ, ಬಾಯಿ ಜೋರಿರುವ ಹುಡುಗಿಯರು ಅವರಿಗೆ ಬೇಡವಂತೆ. ಬಾಯಿ ತನ್ನದಲ್ಲ ಎಂದು ಅವಳು ಅತ್ತರೂ ಕೇಳಲಿಲ್ಲವಂತೆ. ಜನ ನೋಡಿದ್ದು ರಿತುವಿನ ಮುಖವನ್ನಲ್ಲವೇ.

ಮರುದಿನ ಊಟದ ಹೊತ್ತಿಗೆ ನಮ್ಮವಳು ನನಗೆ ಹೇಳಿದ್ದು ಇಷ್ಟೇ: "ಆಕಿ ಅಂದದ್ದು ಖರೇ ಅದ ಅಕ್ಕಾರ. ಇವ್ರು ನನ್ನ ದನಿ ತಗೊಂಡ್ರು ಅಂತ ನಾ ಅಳಾಕತ್ತಿದ್ದೆ. ನಾ ಏನ್ ಮಾಡ್ದೆ? ಆಕಿ ಬಾಯಿಂದ ಮಾತಾಡಿದೆ. ಹೊರಗ ಬಂದು ನನ್ನ ಬಾಯಿಂದ ಹೇಳಬೇಕಿತ್ತು."

"ಹೊರಗೆ ಬರೋಕೆ ಟೈಮ್ ಎಲ್ಲಿತ್ತೇ?"

"ನಾಲ್ಕ ಹೆಜ್ಜಿ, ಅಕ್ಕಾರ. ಬರೇ ನಾಲ್ಕ ಹೆಜ್ಜಿ."

ರಿತುವನ್ನು ಹುಡುಕಿಕೊಂಡು ಏಜೆನ್ಸಿಗೆ ಎರಡು ಸಲ ಹೋಗಿಬಂದಳು. ವಿಳಾಸ ಕೊಡಲಿಲ್ಲ.

ಮೆಷಿನ್ ಚೆನ್ನಾಗಿಯೇ ಮಾರಾಟವಾಯಿತು. ಆ ಡೀಲರೇ ದೊಡ್ಡ ಆರ್ಡರ್ ಕೊಟ್ಟ. ಹಾಗಾದರೆ ನಷ್ಟವೇನು ಎಂದು ಕೇಳಬಹುದು. ಅವಳೂ ಹಾಗೆಂದೇ ಯೋಚಿಸಿ, ಕೆಲವು ತಿಂಗಳಾದ ಮೇಲೆ ಎಂ.ಡಿ. ರೂಮಿಗೆ ಹೋಗಿ, "ಬರೋ ವರ್ಷದ ಸ್ಟೇಜ್ ನನಗೆ ಅಂತ ಮಾತು ಕೊಟ್ಟಿದ್ರಿ ಸಾರ್" ಎಂದಳು. ನಾನು ಅಲ್ಲೇ ಇದ್ದೆ.

ಎಂ.ಡಿ. ಕೆಟ್ಟ ಮನುಷ್ಯರಲ್ಲ. ನನ್ನ ಮಗಳ ಮದುವೆಗೆ ಬೆಳಗಿನ ಮುಹೂರ್ತಕ್ಕೇ ಬಂದು ಕೂತವರು. ಅವರು ನಗುತ್ತಲೇ ಹೇಳಿದರು. "ನಿನ್ನ ಕೈಗೆ ಮೈಕ್ ಕೊಟ್ಟರೆ ಏನಾಗುತ್ತೆ ಅಂತ ನೋಡಿದೆವಲ್ಲಮ್ಮಾ!"

ಅವಳನ್ನು ಸರ್ವಿಸ್ ಸೆಕ್ಷನ್ನಿಗೆ ಹಾಕಿದರು, ಕೆಟ್ಟು ವಾಪಸ್ ಬಂದ ಮೆಷಿನ್ನುಗಳನ್ನು ನೋಡುವುದಕ್ಕೆ. ಸ್ವಲ್ಪ ಕಾಲ ಅದನ್ನೂ ಮಾಡಿದಳು. ದೊಡ್ಡ ಮೆಷಿನ್ನಿನ ಕೆಲಸ ಇನ್ನೊಬ್ಬನ ಕೈಗೆ ಹೋಯಿತು. ಮೂರು ಸಲ ಅವನೇ ಇವಳ ಹತ್ತಿರ ಬಂದು ಕೇಳಿಕೊಂಡು ಹೋದ, ಇವಳು ಹೇಳಿಕೊಟ್ಟಳು. ಆಮೇಲೆ ಒಂದು ದಿನ ರಾಜೀನಾಮೆ ಕೊಟ್ಟು, ಕೊಯಮತ್ತೂರಿನ ಕಡೆ ಯಾವುದೋ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಲು ಹೋಗುತ್ತೇನೆ ಎಂದಳು. ಬೀಳ್ಕೊಡುಗೆಯಲ್ಲಿ ಮ್ಯಾನೇಜರ್ ಭಾಷಣ ಮಾಡಿದ. "ಅವರ ದನಿಯನ್ನು ನಾವು ಬಹಳ ಮಿಸ್ ಮಾಡ್ತೀವಿ" ಎಂದ. ಅವನಿಗೆ ಏನೂ ಅನಿಸಲಿಲ್ಲ.

ನನ್ನ ಮೊಮ್ಮಗಳು ಈಗ ಇಂಥದ್ದೇ ಒಂದು ಕಂಪನಿಯಲ್ಲಿದ್ದಾಳೆ. "ಅಜ್ಜಿ, ಅದೆಲ್ಲ ಈಗ ನಡೆಯಲ್ಲ, ರೂಲ್ಸ್ ಇವೆ" ಎನ್ನುತ್ತಾಳೆ. ಇರಬಹುದು. ಆಗಲೂ ನಮ್ಮ ಸ್ಟಾಲಿನಲ್ಲಿ ಯಾರೂ ಯಾವ ರೂಲನ್ನೂ ಮುರಿದಿರಲಿಲ್ಲ.

ನಮ್ಮವಳನ್ನು ಕೊನೆಯ ಸಲ ನೋಡಿದ್ದು ಮುಂದಿನ ವರ್ಷದ ಮೇಳದಲ್ಲಿ. ನಾನು ಮತ್ತೆ ಅದೇ ರಿಸೆಪ್ಷನ್ ಮೇಜಿನ ಹಿಂದೆ. ಅದೇ ಬಿಲ್ಲಿಂಗ್ ಮೆಷಿನ್ನಿನ ಪಕ್ಕ ಹೊಸ ಹುಡುಗಿ, ಇನ್ನೂ ಎತ್ತರದ ಹೀಲ್ಸ್. ಹಿಂದೆ ಯಾರನ್ನೂ ಕೂರಿಸಿರಲಿಲ್ಲ. ಹಿಂದಿನ ವರ್ಷದ ಮೊದಲ ದಿನ ವಿಡಿಯೋದವನು ಡೆಮೋ ಪೂರ್ತಿ ರೆಕಾರ್ಡ್ ಮಾಡಿದ್ದ. ಅದರಿಂದ ದನಿಯನ್ನು ಮಾತ್ರ ಬೇರೆ ಮಾಡಿ, ಒಂದು ಸಿ.ಡಿ.ಗೆ ಹಾಕಿ, ಮುಗಿದ ಕೂಡಲೇ ಮೊದಲಿನಿಂದ ಶುರುವಾಗುವಂತೆ ಮಾಡಿದ್ದರು. "ಈಗ ಇದು ತಾನಾಗಿ ಏನೂ ಮಾತಾಡಲ್ಲ" ಎಂದು ಮ್ಯಾನೇಜರ್ ನನಗೆ ಕಣ್ಣು ಹೊಡೆದಿದ್ದ. ಅವಳನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಗೊತ್ತೂ ಇರಲಿಲ್ಲ.

ಮಧ್ಯಾಹ್ನದ ಜಂಗುಳಿಯಲ್ಲಿ ಅವಳು ಕಂಡಳು. ಕತ್ತಿನಲ್ಲಿ ವಿಸಿಟರ್ ಬ್ಯಾಡ್ಜ್, ಕೈಯಲ್ಲಿ ಪಾಲಿಟೆಕ್ನಿಕ್ಕಿನ ಚೀಲ. ಗಂಡಸರ ಹೆಗಲುಗಳ ಹಿಂದೆ ತುದಿಗಾಲಲ್ಲಿ ನಿಂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಯಾರೋ ಪರಿಚಯದವರು ಮಾತಾಡುತ್ತಿದ್ದಾರೆ, ಯಾರಿರಬಹುದು ಎಂದು ಕಿವಿಗೊಟ್ಟವಳ ಹಾಗಿದ್ದಳು. ಪೂರ್ತಿ ಡೆಮೋ ಕೇಳಿದಳು. ಜನ ಚದುರಿದ ಮೇಲೆ ಮುಂದೆ ಬಂದಳು. ಹೊಸ ಸೇಲ್ಸ್‌ಮನ್ ಅವಳ ಕೈಗೆ ಬ್ರೋಷರ್ ತುರುಕಿ, "ಯಜಮಾನರಿಗೆ ಅಂಗಡಿ ಇದೆಯಾ ಮೇಡಂ? ಅವರನ್ನೇ ಒಂದ್ಸಲ ಕರ್ಕೊಂಡು ಬನ್ನಿ, ಎಕ್ಸ್‌ಪ್ಲೇನ್ ಮಾಡ್ತೀವಿ" ಎಂದ.

ಅವಳು ಆ ಹುಡುಗಿಯ ಕಾಲುಗಳನ್ನು ನೋಡುತ್ತಿದ್ದಳು. ಹತ್ತಿರ ಹೋಗಿ ಮೆಲ್ಲನೆ ತಮಿಳಿನಲ್ಲಿ ಕೇಳಿದಳು, ನನಗೆ ಕೇಳಿಸಿತು: "ಊಟ ಮಾಡಿದೆಯಾ ಮಗಳೇ? ಕೂರೋಕೆ ಬಿಡ್ತಾರಾ?"

ಸಿ.ಡಿ. ಓಡುವಾಗ ಬೇರೆ ಮಾತಾಡಕೂಡದೆಂದು ಹುಡುಗಿಗೆ ಕಟ್ಟಪ್ಪಣೆ. ಅವಳು ಹಲ್ಲು ತೋರಿಸಿ ನಕ್ಕಳು, ಮೆಷಿನ್ನಿನ ಕಡೆ ಕೈ ತೋರಿಸಿದಳು, ತುಟಿ ಆಡಿಸಿದಳು. ಮೇಲಿನ ಸ್ಪೀಕರಿನಿಂದ ನಮ್ಮವಳ ದನಿ ನಮ್ಮವಳಿಗೇ ಹೇಳಿತು: ಸಂದೇಹವಿದ್ದರೆ ಕೇಳಿ ಸಾರ್.

ಅವಳು ತಲೆಯೆತ್ತಿ ಸ್ಪೀಕರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಎದ್ದೆ. ಮೇಜಿನ ಮುಂದೆ ಕಾರ್ಡ್ ಹಿಡಿದ ಗಂಡಸರ ಸಾಲು. ಸರಿಸಿಕೊಂಡು ಆ ಟೊಳ್ಳು ಹಲಗೆಯಿಂದ ನಾನು ಇಳಿಯುವಷ್ಟರಲ್ಲಿ ಅವಳು ಗಾಜಿನ ಬಾಗಿಲು ದಾಟಿ ಬಿಸಿಲಿಗೆ ಹೋಗಿಯಾಗಿತ್ತು. ಒಳಗೆ ಅವಳು ಇನ್ನೂ ಮಾತಾಡುತ್ತಲೇ ಇದ್ದಳು.